ಜೀಪಿನ ಜ್ವರದ ಮೀಟರು

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕಮಲಾಕ್ಷಮ್ಮನವರು ಗೇಟಿನ ಒಳಗೆ ಬಿಸಿಲು ಬೀಳುವ ಕಡೆ ಮಡಿಸುವ ಮಂಚ ಹಾಕಿ, ಅದರ ಮೇಲೆ ಬಿಳಿ ಪಂಚೆ ಹಾಸಿ, ಸಬ್ಬಕ್ಕಿ ಸಂಡಿಗೆ ಇಟ್ಟರು. ಏಳೂಕಾಲಿಗೆ ಪಕ್ಕದ ಮನೆಯ ರೇವಣಸಿದ್ದಯ್ಯನವರು ತಮ್ಮ ಡೀಸೆಲ್ ಜೀಪನ್ನು ಸ್ಟಾರ್ಟ್ ಮಾಡಿದರು. ಏಳೂ ಇಪ್ಪತ್ತಕ್ಕೆ ಸಬ್ಬಕ್ಕಿ ಸಂಡಿಗೆಯೆಲ್ಲ ಎಳ್ಳು ಸಂಡಿಗೆಯಾಗಿತ್ತು.

ಕಮಲಾಕ್ಷಮ್ಮ ಕೂಗಾಡುವ ಹೆಂಗಸಲ್ಲ. ಒಂದು ಸಂಡಿಗೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಕಾಂಪೌಂಡಿನ ಹತ್ತಿರ ಬಂದು ನಿಂತರು.

"ಸಿದ್ದಯ್ಯನೋರೇ, ಇದೇನು ಹೇಳಿ ನೋಡೋಣ."

"ಸಂಡಿಗೆ ಅಲ್ವಾ?"

"ಸಂಡಿಗೆ ಆಗಿತ್ತು. ಈಗ ನಿಮ್ಮ ಜೀಪಿನ ಪ್ರಸಾದ."

ಒಳಗಿನಿಂದ ಸಿದ್ದಯ್ಯನವರ ಹೆಂಡತಿ ಗಿರಿಜಾದೇವಿ ಬಂದರು. ಮೇಲಿನ ಪೋರ್ಷನ್ನಿನ ಬಾಡಿಗೆದಾರ ಹನುಮೇಶ ಹಲ್ಲುಜ್ಜುತ್ತಲೇ ಮೆಟ್ಟಿಲಿಳಿದ. ಇನ್ಶೂರೆನ್ಸ್ ಏಜೆಂಟನಾದ ಹನುಮೇಶನಿಗೆ ತನ್ನ ಕೆಲಸವೊಂದನ್ನು ಬಿಟ್ಟು ಮಿಕ್ಕ ಎಲ್ಲ ಕೆಲಸಗಳಲ್ಲೂ ಆಸಕ್ತಿ. ಬಸವೇಶ್ವರನಗರದ ಆ ರಸ್ತೆಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ಅವನಿಗೆ ಗೊತ್ತು.

"ಬ್ಲ್ಯಾಕ್ ಸ್ಮೋಕ್ ಅಂಕಲ್ ಇದು. ಟರ್ಬೊ ಹೋಗಿದೆ. ಯೂಟ್ಯೂಬಲ್ಲಿ ನೋಡಿದೀನಿ," ಎಂದ, ಬಾಯಿಂದ ನೊರೆ ಸುರಿಸುತ್ತ.

"ಟರ್ಬೊನೋ ಗಿರ್ಬೊನೋ, ನಂಗೆ ಗೊತ್ತಿಲ್ಲ," ಎಂದರು ಗಿರಿಜಾದೇವಿ. "ಹೋದ ತಿಂಗಳು ಭುವನೇಶ್ವರಿಯವರ ಮನೆ ರೇಷ್ಮೆ ಸೀರೆ, ಈಗ ಇವರ ಸಂಡಿಗೆ. ಸಾಕು ರೀ. ನನ್ನ ತಮ್ಮ ಶಿವಕಿರಣ್ ಈ ಜೀಪ್ ಕೊಳ್ಳೋಕೆ ಒಂದು ಪಾರ್ಟಿ ನೋಡಿದಾನೆ. ನಾನು ಒಂದು ಫೋನ್ ಮಾಡಿದ್ರೆ ಸಾಯಂಕಾಲ ಬಂದು ಜೀಪ್ ತಗೊಂಡು ಹೋಗ್ತಾರೆ."

"ಇವತ್ತೊಂದು ದಿನ ಟೈಮ್ ಕೊಡು. ಮೆಕ್ಯಾನಿಕ್ಕನ್ನ ಕರೆಸ್ತೀನಿ."

ಆಗ ಕಮಲಾಕ್ಷಮ್ಮ ತೀರ್ಪು ಕೊಟ್ಟರು. "ಸರಿ. ಸಾಯಂಕಾಲ ಆರು ಗಂಟೆಗೆ ಇದೇ ಪಂಚೇನ ಒಗೆದು ನಿಮ್ಮ ಜೀಪಿನ ಹಿಂದೆ ಹಿಡೀತೀವಿ. ಒಂದು ಕರಿ ಚುಕ್ಕೆ ಕಂಡ್ರೂ ಗಿರಿಜಾ ಫೋನ್ ಮಾಡ್ತಾಳೆ. ಆಯ್ತಾ?"

ಸಿದ್ದಯ್ಯನವರು ತಲೆಯಾಡಿಸಿದರು. ಆಡಿಸದೆ ವಿಧಿಯಿರಲಿಲ್ಲ, ಏಕೆಂದರೆ ಮಾರನೆಯ ದಿನ ಭಾನುವಾರ.

ಭಾನುವಾರದ ಕತೆಯನ್ನು ಇಲ್ಲಿ ಹೇಳಿಬಿಡುವುದೇ ಒಳ್ಳೆಯದು. ರೇವಣಸಿದ್ದಯ್ಯನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ದುಡಿದು ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ತರಕಾರಿ ಅಂಗಡಿಯ ತಕ್ಕಡಿಯಿಂದ ಹಿಡಿದು ಪೆಟ್ರೋಲ್ ಬಂಕಿನ ಪಂಪಿನವರೆಗೆ ಸಾವಿರಾರು ಅಳತೆಗಳಿಗೆ ಮುದ್ರೆ ಒತ್ತಿದ ಕೈ ಅವರದು. ಮನುಷ್ಯ ಸುಳ್ಳು ಹೇಳಬಹುದು, ಮೀಟರ್ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಜೀವನದ ಸಿದ್ಧಾಂತ. ಈ ಸಿದ್ಧಾಂತಕ್ಕೆ ಒಂದೇ ಒಂದು ಅಪವಾದವಿತ್ತು. ಅದು ಹೆಂಡತಿಯ ಕೈಯಲ್ಲಿದ್ದ ಸಕ್ಕರೆ ಕಾಯಿಲೆಯ ಮೀಟರು.

ಗಿರಿಜಾದೇವಿ ಗಂಡನ ಸಕ್ಕರೆಯ ಲೆಕ್ಕವನ್ನು ಗ್ರಾಫ್ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸೋಮವಾರದಿಂದ ಶನಿವಾರದವರೆಗೆ ಗೆರೆ ಸಾಧು ಹಸುವಿನ ಹಾಗೆ ಮಲಗಿರುತ್ತಿತ್ತು. ಭಾನುವಾರ ಮಾತ್ರ ಶಿವಗಂಗೆ ಬೆಟ್ಟದ ಹಾಗೆ ಎದ್ದು ನಿಲ್ಲುತ್ತಿತ್ತು. ವಿಚಿತ್ರವೆಂದರೆ, ವಾರದಲ್ಲಿ ಅವರು ವಾಕಿಂಗ್ ಮಾಡುವ ದಿನವೂ ಅದೊಂದೇ. ಬೆಳಿಗ್ಗೆ ಆರೂವರೆಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಮರಗಿಡ ಚೆನ್ನಾಗಿದೆಯೆಂದು ಜ್ಞಾನಭಾರತಿಗೆ ಜೀಪಿನಲ್ಲಿ ಹೋಗಿ, ಎಂಟೂವರೆಗೆ ಬೆವರೊರೆಸಿಕೊಳ್ಳುತ್ತ ಬರುತ್ತಿದ್ದರು.

"ಲೋಕದಲ್ಲಿ ಎಲ್ಲರಿಗೂ ವಾಕಿಂಗ್ ಮಾಡಿದ್ರೆ ಶುಗರ್ ಇಳಿಯುತ್ತೆ. ನಿಮಗೆ ಏರುತ್ತಲ್ಲ ರೀ," ಎಂದು ಗಿರಿಜಾದೇವಿ ಕೇಳಿದರೆ, "ಆ ಮೀಟರಿಗೆ ಇಲಾಖೆ ಮುದ್ರೆ ಎಲ್ಲಿದೆ ತೋರಿಸು" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಿಜ ಸಂಗತಿಯೆಂದರೆ ಜೀಪು ಜ್ಞಾನಭಾರತಿಯ ಹತ್ತಿರ ನಿಲ್ಲುತ್ತಿರಲಿಲ್ಲ. ಸ್ವಲ್ಪ ನಿಧಾನವಾಗುತ್ತಿತ್ತು, ಅಷ್ಟೆ. ಆಮೇಲೆ ನೆಟ್ಟಗೆ ಕೆಂಗೇರಿಗೆ ಹೋಗಿ, ಒಂದು ಸಣ್ಣ ಹೋಟೆಲಿನ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಅಲ್ಲಿನ ಕೇಸರಿಬಾತಿನಲ್ಲಿ ಅನಾನಸ್ ಹೋಳುಗಳಿದ್ದವು, ದ್ರಾಕ್ಷಿಯಿತ್ತು, ತಟ್ಟೆ ವಾಲಿಸಿದರೆ ಒಂದು ಕಡೆಗೆ ಹರಿದು ಬರುವಷ್ಟು ತುಪ್ಪವಿತ್ತು. ಸಿದ್ದಯ್ಯನವರು ಎರಡು ಪ್ಲೇಟ್ ತಿನ್ನುತ್ತಿದ್ದರು. ಸ್ಕೂಟರನ್ನು ಗಿರಿಜಾದೇವಿ ಎಂದೋ ಮಾರಿಸಿದ್ದರು. ಬಸ್ಸಿನಲ್ಲಿ ಹೋಗೋಣವೆಂದರೆ ವಾಕಿಂಗಿಗೆ ತಾನೂ ಬರುತ್ತೇನೆಂದು ಹನುಮೇಶ ಹತ್ತಿಕೊಳ್ಳುವ ಭಯ. ಆರು ದಿನ ಮೆಂತ್ಯದ ನೀರು, ರಾಗಿ ಗಂಜಿ, ಹಾಗಲಕಾಯಿ ಪಲ್ಯವನ್ನು ಸಹಿಸಿಕೊಂಡ ಮನುಷ್ಯನಿಗೆ ಏಳನೆಯ ದಿನದ ಸ್ವಾತಂತ್ರ್ಯವೆಂದರೆ ಆ ಜೀಪು. ಅದು ಹೋದರೆ ಬದುಕಿನಲ್ಲಿ ಮೆಂತ್ಯವೊಂದೇ ಉಳಿಯುತ್ತದೆ.

ಒಂಬತ್ತು ಗಂಟೆಗೆ ಮಾರೇನಹಳ್ಳಿಯಿಂದ ಮೆಕ್ಯಾನಿಕ್ ದುಂಡೇಶ ಬೈಕಿನಲ್ಲಿ ಬಂದ. ಊರು ಬಾಗಲಕೋಟೆ ಕಡೆ, ಬೆಂಗಳೂರಿಗೆ ಬಂದು ಎಂಟು ವರ್ಷವಾದರೂ ಮಾತು ಮಾತ್ರ ಇನ್ನೂ ಊರಲ್ಲೇ ಇತ್ತು. ಬಾನೆಟ್ ಎತ್ತಿ, ಎಂಜಿನ್ನಿಗೆ ಕಿವಿಗೊಟ್ಟು, ಒಂದು ರಬ್ಬರ್ ಕೊಳವೆಯನ್ನು ಹಿಸುಕಿ ನೋಡಿದ.

"ಪೈಪ್ ಸೀಳೇತ್ರಿ. ಟರ್ಬೊದಾಗ ಕಾಡಿಗಿ ಕುಂತೇತಿ. ಬಿಚ್ಚಬೇಕು."

"ಈ ಟರ್ಬೊ ಅಂದ್ರೆ ಏನಪ್ಪಾ?" ಎಂದು ಕೇಳಿದವರು ಗಿರಿಜಾದೇವಿ.

"ನೋಡ್ರಿ ಅಕ್ಕಾರ, ಎಂಜಿನ್ನಿಂದ ಹೊಗಿ ಹೊರಗ ಹೋಗತೈತಲ್ರಿ, ಅದರ ಜೋರಿಗೆ ಒಂದು ಚಕ್ರ ತಿರುಗತೈತಿ. ಆ ಚಕ್ರ ಮತ್ತ ಎಂಜಿನ್ನಿಗೆ ಗಾಳಿ ಊದತೈತಿ. ಗಾಳಿ ಕಡಿಮಿ ಆತಂದ್ರ ಡೀಸೆಲ್ ಪೂರಾ ಉರಿಯೂದಿಲ್ಲ. ಕರಿ ಹೊಗಿ."

"ಓ, ಒಲೆಗೆ ಊದುಗೊಳವೆ ಇದ್ದ ಹಾಗೆ."

"ಅಗದೀ ಬರೋಬ್ಬರಿ ಹೇಳಿದ್ರಿ ನೋಡ್ರಿ."

ಹೆಂಡತಿಗೆ ಸಿಕ್ಕ ಹೊಗಳಿಕೆಯಿಂದ ಸಿದ್ದಯ್ಯನವರಿಗೆ ಸ್ವಲ್ಪ ಕಸಿವಿಸಿಯಾಯಿತು. ಅಷ್ಟರಲ್ಲಿ ದುಂಡೇಶ ಚೀಲದಿಂದ ಅಂಗೈಯಗಲದ ಒಂದು ಮೀಟರನ್ನೂ, ಅದಕ್ಕೆ ತಂತಿ ಕಟ್ಟಿದ ಬೆರಳುದ್ದದ ಒಂದು ಕಡ್ಡಿಯನ್ನೂ ತೆಗೆದ. ಹೊಗೆ ಎಷ್ಟು ಬಿಸಿಯಿದೆಯೆಂದು ಹೇಳುವ ಮೀಟರು ಅದು. ಹೊಗೆಯ ದಾರಿಯಲ್ಲಿ, ಟರ್ಬೊಗಿಂತ ಮುಂಚೆ ಒಂದು ತೂತು ಕೊರೆದು ಕಡ್ಡಿ ಕೂರಿಸಬೇಕು. ಬಿಸಿ ಏಳುನೂರು ಡಿಗ್ರಿ ದಾಟದಂತೆ ಓಡಿಸಿದರೆ ಟರ್ಬೊ ಬಾಳುತ್ತದೆ, ಇಲ್ಲದಿದ್ದರೆ ಗ್ಯಾರಂಟಿ ಇಲ್ಲ ಎಂದ.

"ಇದು ಬೇರೆ ಯಾಕೆ ದಂಡ?" ಎಂದರು ಗಿರಿಜಾದೇವಿ.

ಸಿದ್ದಯ್ಯನವರ ಕಣ್ಣು ಮೀಟರನ್ನು ಕಂಡೊಡನೆ ಅರಳಿತ್ತು. "ದಂಡ ಅಲ್ಲ ಗಿರಿಜಾ. ಅಳತೆ ಇಲ್ಲದ ಬದುಕು ಬದುಕೇ ಅಲ್ಲ. ನಾಳೆ ಯಾರಾದ್ರೂ ಜೀಪ್ ಸರಿಯಿಲ್ಲ ಅಂದ್ರೆ ಇದನ್ನ ತೋರಿಸಬಹುದು. ಮನುಷ್ಯ ಸುಳ್ಳು ಹೇಳ್ತಾನೆ, ಮೀಟರ್ ಸುಳ್ಳು ಹೇಳಲ್ಲ. ಹಾಕಪ್ಪಾ ನೀನು."

"ಇದ್ರಲ್ಲಿ ಆ್ಯಪ್ ಇದೆ ಅಂಕಲ್," ಎಂದು ಹನುಮೇಶ ಮೀಟರು ಬಂದಿದ್ದ ಪೆಟ್ಟಿಗೆಯನ್ನು ತಿರುಗಿಸಿ ಓದಿದ. "ನಿಮಿಷ ನಿಮಿಷದ ರೀಡಿಂಗೂ ಮೀಟರ್ ಒಳಗೆ ಸೇವ್ ಆಗುತ್ತೆ. ಗಾಡಿ ಮನೆ ಹತ್ರ ಬಂದ ಸ್ವಲ್ಪ ಹೊತ್ತಿಗೆ ಫೋನಿಗೆ ಗ್ರಾಫ್ ಬರುತ್ತೆ. ಕೊಡಿ ನಿಮ್ಮ ಫೋನು."

ಸಿದ್ದಯ್ಯನವರ ಫೋನು ಕೈಗೆ ಬಂತು. ಅದರಲ್ಲಿ ಜಾಗವಿರಲಿಲ್ಲ. ಐದು ವರ್ಷದಿಂದ ಬಂದ ಶುಭೋದಯದ ಹೂಗಳು, ಉದಯಿಸುವ ಸೂರ್ಯಗಳು, ಕೈಮುಗಿದ ಗಿಳಿಗಳು ಒಳಗೆಲ್ಲ ತುಂಬಿಕೊಂಡಿದ್ದವು. ಅಳಿಸೋಣವೆಂದರೆ, "ಯಾರೋ ಪ್ರೀತಿಯಿಂದ ಕಳಿಸಿರ್ತಾರೆ, ಬೇಡ" ಎಂದರು.

"ಹಂಗಾದ್ರೆ ಆಂಟಿ ಫೋನಿಗೆ ಹಾಕ್ತೀನಿ."

"ಹಾಕು ಹಾಕು," ಎಂದು ಸಿದ್ದಯ್ಯನವರು ಧಾರಾಳವಾಗಿ ಒಪ್ಪಿದರು. "ಅವಳೂ ನೋಡಲಿ, ನನ್ನ ಜೀಪ್ ಎಷ್ಟು ಆರೋಗ್ಯವಾಗಿದೆ ಅಂತ. ದುಂಡೇಶ, ಮೀಟರಿನ ಕನೆಕ್ಷನ್ ಕೀಗೆ ಕೊಡಬೇಡ, ಸೀದಾ ಬ್ಯಾಟರಿಗೇ ಕೊಡು. ಗಾಡಿ ಆಫ್ ಆದ್ರೂ ಅಳತೆ ನಡುವೆ ತಪ್ಪಬಾರದು. ದಾಖಲೆ ಅಂದ್ರೆ ದಾಖಲೆ."

ಕೆಲಸ ಶುರುವಾಯಿತು. ದುಂಡೇಶ ಟರ್ಬೊ ಬಿಚ್ಚಿದ. ದೊಡ್ಡ ಬಸವನ ಹುಳುವಿನ ಹಾಗಿದ್ದ ಅದರ ಕಬ್ಬಿಣದ ಗೂಡನ್ನು ಡೀಸೆಲ್ಲಿನಲ್ಲಿ ಅದ್ದಿ, ಮೆತ್ತನೆಯ ಬ್ರಷ್ಷಿನಿಂದ ಮಸಿ ತೆಗೆದು, ಒಣಗಲೆಂದು ಕಾಂಪೌಂಡಿನ ಮೇಲಿಟ್ಟ. ಆಮೇಲೆ ತೂತು ಕೊರೆಯಲು ಡ್ರಿಲ್ ಹಿಡಿದ. ಟರ್ಬೊ ಬಿಚ್ಚಿದಾಗಲೇ ಕೊರೆಯಬೇಕು, ಇಲ್ಲದಿದ್ದರೆ ಕಬ್ಬಿಣದ ಪುಡಿ ಒಳಗೆ ಹೋಗಿ ಚಕ್ರದ ರೆಕ್ಕೆ ತಿಂದುಹಾಕುತ್ತದೆ ಎಂದು ವಿವರಿಸಿದ. ಪುಡಿ ಅಂಟಿಕೊಳ್ಳಲೆಂದು ಡ್ರಿಲ್ಲಿನ ತುದಿಗೆ ಗ್ರೀಸ್ ಮೆತ್ತಿದ. ಉಳಿದ ಪುಡಿ ಎತ್ತಲು ಆಯಸ್ಕಾಂತ ಬೇಕೆಂದಾಗ ಗಿರಿಜಾದೇವಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಬಾಳೆಗೊನೆಯ ಬೊಂಬೆಯನ್ನು ಕಿತ್ತು ತಂದುಕೊಟ್ಟರು.

ಅಷ್ಟರಲ್ಲಿ ಕರೆಂಟು ಹೋಯಿತು. ಪುಣ್ಯಕ್ಕೆ ಪಕ್ಕದ ಮನೆಯಲ್ಲಿ ಯುಪಿಎಸ್ ಇತ್ತು. ಸಿದ್ದಯ್ಯನವರು ವೈರಿನ ತುದಿ ಹಿಡಿದು ಕಮಲಾಕ್ಷಮ್ಮನವರ ಬಾಗಿಲಿಗೆ ಹೋದರು.

"ನನ್ನ ಸಂಡಿಗೆ ಹಾಳು ಮಾಡಿದ ಜೀಪಿಗೆ ನನ್ನ ಕರೆಂಟೇ ಬೇಕಾ?" ಎಂದರೂ ಕಮಲಾಕ್ಷಮ್ಮ ಪ್ಲಗ್ ಹಾಕಿಕೊಟ್ಟರು. ಹಾಕಿಕೊಟ್ಟು, ಒಳಗೆ ಹೋಗಿ ಚಟ್ನಿಗೆಂದು ಮಿಕ್ಸಿ ಹಾಕಿದರು. ಡ್ರಿಲ್ ಅರ್ಧ ತೂತಿನಲ್ಲಿ ಸಿಕ್ಕಿಕೊಂಡು ನಿಂತಿತು. ಮಿಕ್ಸಿಯೂ ನಿಂತಿತು. ಯುಪಿಎಸ್ ಒಂದು ಸಲ ಕುಂಯ್ಯೆಂದು ಮಲಗಿತು. ಮುಕ್ಕಾಲು ಗಂಟೆ ಕಾಲ ರಸ್ತೆಯವರೆಲ್ಲ ಬಂದು ಸಿಕ್ಕಿಕೊಂಡ ಡ್ರಿಲ್ಲಿಗೆ ಸಲಹೆ ಕೊಟ್ಟರು. ಎಣ್ಣೆ ಹಾಕಿ ಎಂದರು, ಬಿಸಿನೀರು ಹಾಕಿ ಎಂದರು, ಒಬ್ಬರು ಈಶಾನ್ಯಕ್ಕೆ ತಿರುಗಿಸಿ ಎಂದರು. ಕೊನೆಗೆ ಕರೆಂಟು ಬಂತು, ತೂತು ಮುಗಿಯಿತು. ದುಂಡೇಶ ಅದರ ಒಳಗೆ ಸ್ಕ್ರೂವಿನ ಸುರುಳಿ ಗೆರೆ ಕೊರೆದು ಕಡ್ಡಿಯನ್ನು ತಿರುಗಿಸಿ ಕೂರಿಸಿದ. ಅಳತೆ ಪಟ್ಟಿ ಹಿಡಿದು ಮೇಲ್ವಿಚಾರಣೆ ಮಾಡುತ್ತಿದ್ದ ಸಿದ್ದಯ್ಯನವರು ಸಮಾಧಾನದ ಉಸಿರು ಬಿಟ್ಟರು.

"ಹಾಂ, ಇನ್ನ ಆ ಗೂಡು ಕೊಡ್ರಿ," ಎಂದು ದುಂಡೇಶ ಕೈಚಾಚಿದ.

ಕಾಂಪೌಂಡಿನ ಮೇಲೆ ಗೂಡಿರಲಿಲ್ಲ. ಒದ್ದೆಯ ಗುರುತು ಮಾತ್ರ ಇತ್ತು.

ಅದೇ ಹೊತ್ತಿಗೆ ಪಕ್ಕದ ಗೇಟಿನಲ್ಲಿ ಕಮಲಾಕ್ಷಮ್ಮ ಸೆರಗಿನ ತುಂಬ ಬೆಳ್ಳುಳ್ಳಿ ತುಂಬಿಕೊಂಡು ನಿಂತಿದ್ದರು. ಮುಖದಲ್ಲಿ ಒಳ್ಳೆಯ ವ್ಯಾಪಾರ ಮಾಡಿದ ಕಳೆ.

"ಹಳೇ ಕಬ್ಬಿಣಕ್ಕೆ ಬೆಳ್ಳುಳ್ಳಿ ಕೊಡೋ ಮರೆಪ್ಪ ಬಂದಿದ್ದ ಗಿರಿಜಾ. ನಿಮ್ಮ ಗೋಡೆ ಮೇಲೆ ಯಾವುದೋ ಹಾಳು ಸಾಮಾನು ಬಿದ್ದಿತ್ತು, ನಿಮಗೂ ಉಪಕಾರ ಆಗ್ಲಿ ಅಂತ ಹಾಕ್ದೆ. ಅರ್ಧ ನಿನಗೆ," ಎಂದರು.

ಸಿದ್ದಯ್ಯನವರು ಅಳತೆ ಪಟ್ಟಿಯನ್ನು ನೆಲಕ್ಕೆ ಬಿಸುಟರು. ಬನಿಯನ್ನು, ಎತ್ತಿ ಕಟ್ಟಿದ ಪಂಚೆ, ಮೊಣಕೈವರೆಗೂ ಗ್ರೀಸು, ಅದೇ ವೇಷದಲ್ಲಿ ಓಡಿದರು. ಎರಡು ರಸ್ತೆ ಆಚೆಯಿಂದ ಮೈಕಿನ ದನಿ ಕೇಳುತ್ತಿತ್ತು: "ಹಳೇ ಕಬ್ಬಿಣ, ಹಳೇ ಪೇಪರ್, ಒಡೆದ ಬಕೇಟು." ಅವರು ಒಂದು ತಿರುವು ಮುಟ್ಟುವಷ್ಟರಲ್ಲಿ ದನಿ ಮುಂದಿನ ತಿರುವಿಗೆ ಹೋಗಿರುತ್ತಿತ್ತು. ಹೋದ ಎರಡು ವರ್ಷದಲ್ಲಿ ಅವರು ನಿಜವಾಗಿ ಮಾಡಿದ ವಾಕಿಂಗೆಂದರೆ ಇದೊಂದೇ. ಕೊನೆಗೆ ಒಂದು ಕ್ಲಿನಿಕ್ಕಿನ ಮುಂದೆ ತಳ್ಳುಗಾಡಿ ಸಿಕ್ಕಿತು. ಮರೆಪ್ಪ ತಕ್ಕಡಿಯಲ್ಲಿ ಯಾರದೋ ಪೇಪರ್ ತೂಗುತ್ತಿದ್ದ. ಪಕ್ಕದಲ್ಲಿ ಟರ್ಬೊ ಗೂಡು ಒಡೆದ ಬಕೆಟ್ಟಿನೊಳಗೆ ಕುಳಿತಿತ್ತು.

ಆ ಕ್ಷಣದಲ್ಲಿ ಬೇರೆ ಯಾರೇ ಆಗಿದ್ದರೂ ಗೂಡನ್ನು ಎತ್ತಿಕೊಂಡಿರುತ್ತಿದ್ದರು. ಸಿದ್ದಯ್ಯನವರ ಕಣ್ಣು ಮಾತ್ರ ತಕ್ಕಡಿಯ ಮೇಲೆ ಹೋಯಿತು.

"ಏನಯ್ಯಾ ಇದು, ಈ ತಕ್ಕಡಿಗೆ ಮುದ್ರೆ ಎಲ್ಲಿ? ಯಾವ ವರ್ಷ ಹಾಕಿಸಿದ್ದೆ?" ಏದುಸಿರು ಬಿಡುತ್ತಲೇ ಕೇಳಿದರು.

ಮರೆಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸಾರ್, ನಿಮಗೆ ಈಗ ಮುದ್ರೆ ಬೇಕಾ, ಸಾಮಾನು ಬೇಕಾ?"

"ಸಾಮಾನು," ಎಂದರು ಸಿದ್ದಯ್ಯನವರು ತಗ್ಗಿದ ದನಿಯಲ್ಲಿ.

"ಬೆಳ್ಳುಳ್ಳಿ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಕೊಡಿ. ಇದು ನಾಲ್ಕು ಕೇಜಿ ಬಂದಿದೆ."

"ನಾಲ್ಕು ಇರಲ್ಲ ಅದು. ನಿನ್ನ ತಕ್ಕಡಿ..." ಎಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಡಾಕ್ಟರು ಹೇಳಿದರೆಂದು ಗಿರಿಜಾದೇವಿ ತರಿಸಿದ್ದ ಒಂದು ಜೊತೆ ಡಂಬೆಲ್ಸ್ ಮಂಚದ ಕೆಳಗಿರುವುದು ನೆನಪಾಯಿತು. ಅವನ್ನು ಅವರು ಎತ್ತಿದ್ದು ಒಂದೇ ಸಲ, ಮಂಚದ ಕೆಳಕ್ಕೆ ಇಡುವಾಗ. ಮರೆಪ್ಪನ ಗಾಡಿಯನ್ನು ತಾವೇ ತಳ್ಳಿಕೊಂಡು ಮನೆಗೆ ಬಂದು, ಡಂಬೆಲ್ಸ್ ಕೊಟ್ಟು, ಗೂಡು ಬಿಡಿಸಿಕೊಂಡರು. ಇದು ಇವತ್ತಿನ ಮೊದಲ ಲಾಭವೆಂದು ಅವರಿಗೆ ಅನಿಸಿತು.

ಎರಡು ಗಂಟೆಗೆ ದುಂಡೇಶ ಎಲ್ಲವನ್ನೂ ಜೋಡಿಸಿದ. ಸೀಳಿದ ಪೈಪು ಹೋಗಿ ಹೊಸದು ಬಂತು. ಟರ್ಬೊದ ಬಾಯಿಗೆ ಒಂದಿಷ್ಟು ಆಯಿಲ್ ಹೊಯ್ದು, ಸ್ಟಾರ್ಟ್ ಆಗದ ಹಾಗೆ ಎಂಜಿನ್ನನ್ನು ನಾಲ್ಕು ಸಲ ಬರೀ ತಿರುಗಿಸಿ, ಐದನೆಯ ಸಲ ಸ್ಟಾರ್ಟ್ ಮಾಡಿದ. ಮೀಟರಿನಲ್ಲಿ ಹಸಿರು ಅಂಕಿಗಳು ಮೂಡಿದವು. ತೊಂಬತ್ತು, ನೂರಿಪ್ಪತ್ತು, ನೂರೈವತ್ತು. ಅಲ್ಲಿಗೆ ನಿಂತಿತು.

ಗಿರಿಜಾದೇವಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಎಷ್ಟಿರಬೇಕಪ್ಪಾ ಇದು?"

"ಸುಮ್ನ ನಿಂತಾಗ ನೂರೈವತ್ತು ಇರತೈತ್ರಿ ಅಕ್ಕಾರ. ಓಡೂ ಮುಂದ ಐನೂರು, ಆರ್‌ನೂರು. ಓಡಿ ಬಂದ ಕೂಡ್ಲೆ ಗಕ್ಕನ ಬಂದ್ ಮಾಡಬಾರ್ದ್ರಿ, ಟರ್ಬೊದಾಗಿನ ಆಯಿಲ್ ಸುಟ್ಟು ಹೊಕ್ಕೈತಿ. ಓಡಿ ಬಂದ ಎತ್ತಿಗೆ ಒಂದೆರಡು ಸುತ್ತು ನಿಧಾನಕ ಅಡ್ಡಾಡಿಸಿ ಆಮ್ಯಾಲೆ ಕಟ್ತೀವಲ್ರಿ, ಹಂಗ. ಸ್ವಲ್ಪ ಹೊತ್ತು ಐಡಲಿಂಗ್ ಬಿಡೂದು, ಅಂದ್ರ ನಿಂತಲ್ಲೇ ಎಂಜಿನ್ ಸಾವಕಾಶ ತಿರುಗಾಕ ಬಿಡೂದು, ಇನ್ನೂರರ ಕೆಳಗ ಇಳಿದ ಮ್ಯಾಲ ಬಂದ್ ಮಾಡೂದು."

"ಶುಗರ್ ಇದ್ದ ಹಾಗೇ ಇದೆಯಲ್ಲ ಇದು," ಎಂದು ಗಿರಿಜಾದೇವಿ ಮೆಚ್ಚಿಕೊಂಡರು. "ತಿಂದ ಮೇಲೆ ಏರೋದು, ಅಡ್ಡಾಡಿದ ಮೇಲೆ ಇಳಿಯೋದು."

ಇನ್ನು ಉಳಿದದ್ದು ರಸ್ತೆಯ ಮೇಲಿನ ಪರೀಕ್ಷೆ. ಎಂಜಿನ್ನಿಗೆ ಭಾರ ಬೀಳುವ ಹಾಗೆ ದೂರ ಓಡಿಸಬೇಕೆಂದು ದುಂಡೇಶ ಹೇಳಿದ್ದೇ ತಡ, ಸಿದ್ದಯ್ಯನವರು ಸ್ಟಿಯರಿಂಗ್ ಹಿಡಿದು ಕುಳಿತರು. ಮೂರೂವರೆಗೆ ಹೊರಟ ಜೀಪು ರಿಂಗ್ ರೋಡಿಗೆ ಬಿತ್ತು. ಎಷ್ಟು ಹಗುರವಾಗಿತ್ತೆಂದರೆ, ಏರಿನಲ್ಲಿ ಒಂದು ಲಾರಿಯನ್ನೂ ಎರಡು ಬಸ್ಸುಗಳನ್ನೂ ಹಿಂದೆ ಹಾಕಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಹೊಗೆಯ ಸುಳಿವೇ ಇಲ್ಲ. ಮೀಟರು ಐನೂರಿಪ್ಪತ್ತು ತೋರಿಸಿತು. ಸಿದ್ದಯ್ಯನವರಿಗೆ ಹಾಡು ಬಂತು. ಗಂಟಲು ಚೆನ್ನಾಗಿರಲಿಲ್ಲವಾದ್ದರಿಂದ ಗುನುಗಿದರು.

ಜ್ಞಾನಭಾರತಿಯ ಹತ್ತಿರ ಜೀಪು ಅಭ್ಯಾಸಬಲದಿಂದ ನಿಧಾನವಾಯಿತು. ಮತ್ತೆ ಅಭ್ಯಾಸಬಲದಿಂದಲೇ ಮುಂದೆ ಹೋಯಿತು.

"ಸಾಕ್ರಿ ಯಜಮಾನ್ರ, ಇಲ್ಲೇ ಹೊಳ್ಳಸ್ರಿ," ಎಂದ ದುಂಡೇಶ.

"ಇನ್ನೊಂದು ಸ್ವಲ್ಪ ಲೋಡ್ ಬೀಳಲಿ ಕಣಪ್ಪಾ."

ಲೋಡು ಬಿದ್ದದ್ದು ಕೆಂಗೇರಿಯಲ್ಲಿ, ಹೊಂಗೆ ಮರದ ಕೆಳಗೆ. ಸಿದ್ದಯ್ಯನವರು ದುಂಡೇಶನ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ಮೀಟರು ಇನ್ನೂರರ ಕೆಳಗೆ ಇಳಿಯುವವರೆಗೆ ಕಾದು, ಆಮೇಲೆಯೇ ಎಂಜಿನ್ ಆಫ್ ಮಾಡಿದರು. ಬೆಳಿಗ್ಗೆಯಿಂದ ಪಟ್ಟ ಪಾಡಿಗೆ ಒಂದು ಪ್ಲೇಟ್ ನ್ಯಾಯವಾಗಿ ಸಲ್ಲಬೇಕು ಎಂದುಕೊಂಡರು. ನಾಳೆಯದು ನಾಳೆಗೆ.

ಸಪ್ಲೈಯರ್ ಅವರನ್ನು ಕಂಡು ಗಾಬರಿಯಾಗಿ ಗೋಡೆಯ ಕ್ಯಾಲೆಂಡರ್ ನೋಡಿದ. "ಸಾರ್, ಇವತ್ತು ಶನಿವಾರ."

"ಗೊತ್ತು ಕಣಯ್ಯಾ. ಎರಡು ಕೇಸರಿಬಾತ್ ಕೊಡು. ಇವರಿಗೂ ಎರಡು."

ಬಿಸಿ ಕೇಸರಿಬಾತು ಬಂತು. ಮೊದಲ ತುತ್ತಿಗೆ ಸಿದ್ದಯ್ಯನವರ ಕಣ್ಣು ತಾನಾಗಿ ಮುಚ್ಚಿತು. ಡ್ರಿಲ್ಲು, ಮಿಕ್ಸಿ, ಮರೆಪ್ಪ, ಡಂಬೆಲ್ಸ್ ಎಲ್ಲವೂ ತುಪ್ಪದಲ್ಲಿ ಕರಗಿಹೋದವು. ಮೂರನೆಯ ಪ್ಲೇಟನ್ನು ಅರ್ಧ ಮಾಡಿ ತಿನ್ನೋಣವೆಂದು ತರಿಸಿ ಪೂರ್ತಿ ತಿಂದರು. ಕಾಫಿ ಕುಡಿದು, ಕೈ ತೊಳೆದು, ಸೋಂಪು ಅಗಿದು, ಮೀಸೆಯ ತುಪ್ಪವನ್ನು ಕರ್ಚೀಫಿನಿಂದ ಎರಡೆರಡು ಸಲ ಒರೆಸಿಕೊಂಡರು.

"ನೋಡು ದುಂಡೇಶ, ಇದು ನಮ್ಮಿಬ್ಬರಲ್ಲೇ ಇರಲಿ. ಮನೇಲಿ ಬಾಯಿ ಬಿಡಬಾರದು."

"ಈ ಬಾಯಾಗಿಂದ ಕೇಸರಿಬಾತ್ ಅನ್ನೂ ಮಾತು ಬರೂದಿಲ್ರಿ," ಎಂದು ದುಂಡೇಶ ಎದೆ ಮುಟ್ಟಿಕೊಂಡು ಹೇಳಿದ. ಹೇಳಿದ ಮಾತಿಗೆ ತಪ್ಪುವವನಲ್ಲ ಅವನು.

ಆರು ಗಂಟೆಗೆ ಐದು ನಿಮಿಷವಿರುವಾಗ ಜೀಪು ಮನೆಯ ಮುಂದೆ ಬಂದು ನಿಂತಿತು. ರಸ್ತೆಯ ಅರ್ಧ ಜನ ಅಲ್ಲಿದ್ದರು. ಕಮಲಾಕ್ಷಮ್ಮ ಒಗೆದು ನೀಲಿ ಹಾಕಿದ ಪಂಚೆಯ ಒಂದು ತುದಿ ಹಿಡಿದರು, ಹನುಮೇಶ ಇನ್ನೊಂದು ತುದಿ. ಗಿರಿಜಾದೇವಿ ಒಂದು ಕೈಯಲ್ಲಿ ಫೋನು ಹಿಡಿದು ಗೇಟಿಗೊರಗಿ ನಿಂತಿದ್ದರು. ಶಿವಕಿರಣನ ನಂಬರು ಅದರಲ್ಲಿ ತೆರೆದೇ ಇತ್ತು.

"ಒತ್ತಿ ಆ್ಯಕ್ಸಿಲೇಟರ್," ಎಂದರು ಕಮಲಾಕ್ಷಮ್ಮ.

ಸಿದ್ದಯ್ಯನವರು ಮನೆದೇವರನ್ನು ನೆನೆದು ಒತ್ತಿದರು. ಎಂಜಿನ್ನು ಗುಡುಗಿತು, ಪಂಚೆ ಪಟಪಟನೆ ಹಾರಾಡಿತು. ಒಂದು ನಿಮಿಷದ ನಂತರ ಹನುಮೇಶ ಅದನ್ನು ಬೆಳಕಿಗೆ ಹಿಡಿದ. ಕಮಲಾಕ್ಷಮ್ಮ ಮೂಗಿನ ಹತ್ತಿರ ತಂದು, ಮೂಲೆ ಮೂಲೆ ಹುಡುಕಿದರು. ಪಂಚೆ ಮಲ್ಲಿಗೆ ಹೂವಿನಷ್ಟು ಬೆಳ್ಳಗಿತ್ತು.

"ಗೆದ್ದುಬಿಟ್ರಿ ಸಿದ್ದಯ್ಯನೋರೇ," ಎಂದರು ಕಮಲಾಕ್ಷಮ್ಮ, ನಿಜವಾದ ಸಂತೋಷದಿಂದ. ಸೋತಾಗ ಸಿಡುಕುವ ಸ್ವಭಾವ ಅವರದಲ್ಲ. ಹೋದ ವರ್ಷದ ಸಂಡಿಗೆ ಡಬ್ಬಿಯಲ್ಲಿ ಉಳಿದಿತ್ತು, ಒಳಗೆ ಹೋಗಿ ಎಣ್ಣೆ ಕಾಯಿಸಿ ಒಂದು ಬಾಂಡಲೆ ಕರಿದು ತಂದರು. ಹನುಮೇಶ ಶಿಳ್ಳೆ ಹಾಕಿದ. ದುಂಡೇಶನ ಬೆನ್ನನ್ನು ಹತ್ತು ಕೈಗಳು ತಟ್ಟಿದವು. ಗಿರಿಜಾದೇವಿ ಶಿವಕಿರಣನ ನಂಬರನ್ನು ಮುಚ್ಚಿದರು. ಅದನ್ನು ಓರೆಗಣ್ಣಿನಿಂದ ನೋಡಿದ ಸಿದ್ದಯ್ಯನವರಿಗೆ ನಾಳೆಯ ಭಾನುವಾರ, ಅದರಾಚೆಯ ಭಾನುವಾರ, ಸಾಲು ಸಾಲು ಭಾನುವಾರಗಳು ಅನಾನಸ್ ಹೋಳುಗಳನ್ನಿಟ್ಟುಕೊಂಡು ಬರುತ್ತಿರುವಂತೆ ಕಂಡಿತು.

"ಬೆಳಿಗ್ಗೆಯೇ ಹೇಳಲಿಲ್ವಾ?" ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು. "ಮನುಷ್ಯ ಸುಳ್ಳು ಹೇಳಬಹುದು. ಮೀಟರ್ ಸುಳ್ಳು ಹೇಳಲ್ಲ."

ಗಿರಿಜಾದೇವಿಯ ಫೋನು ಟುಂಯ್ ಎಂದಿತು.

"ಗ್ರಾಫ್ ಬಂತು ಆಂಟಿ," ಎಂದ ಹನುಮೇಶ.

ಗಿರಿಜಾದೇವಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಎರಡು ವರ್ಷದಿಂದ ಗಂಡನ ಸಕ್ಕರೆಯ ಗ್ರಾಫ್ ಬರೆದವರಿಗೆ ಇದೇನೂ ಕಷ್ಟವಲ್ಲ. ಬೆರಳಿನಿಂದ ಗೆರೆಯ ಮೇಲೆ ನಿಧಾನವಾಗಿ ಹೋದರು. ಒಂದು ಕಡೆ ಬೆರಳು ನಿಂತಿತು.

"ರೀ, ಮೂರೂವರೆಯಿಂದ ಬೆಟ್ಟದ ಹಾಗೆ ಹತ್ತಿದೆ. ಸರಿ. ನಾಲ್ಕೂ ಹತ್ತಕ್ಕೆ ಇಳಿದು, ನಾಲ್ಕೂ ಐವತ್ತರವರೆಗೆ ಇಳೀತಾನೇ ಇದೆಯಲ್ಲ. ಎಂಬತ್ತಕ್ಕೆ ಬಂದಿದೆ. ಆಗೆಲ್ಲಿದ್ರಿ?"

"ಅದು... ಟ್ರಾಫಿಕ್ಕು ಗಿರಿಜಾ. ಶನಿವಾರ ಅಲ್ವಾ. ಸಿಗ್ನಲ್ಲಲ್ಲಿ ನಿಂತೇ ನಿಂತ್ವಿ."

ಗಿರಿಜಾದೇವಿ ಗಂಡನನ್ನು ಬಿಟ್ಟು ದುಂಡೇಶನ ಕಡೆ ತಿರುಗಿದರು. "ದುಂಡೇಶಪ್ಪಾ, ಸಿಗ್ನಲ್ಲಲ್ಲಿ ನಿಂತ್ರೆ ಎಂಬತ್ತಕ್ಕೆ ಇಳಿಯುತ್ತಾ?"

ದುಂಡೇಶನ ಬಾಯಿ ತುಂಬ ಸಂಡಿಗೆಯಿತ್ತು. ಯಾರಾದರೂ ತನ್ನ ವಿದ್ಯೆಯ ಬಗ್ಗೆ ಕೇಳಿದರೆ ಅವನಿಗೆ ಲೋಕವೇ ಮರೆತುಹೋಗುತ್ತದೆ. "ಎಲ್ಲೀದ್ರಿ ಅಕ್ಕಾರ. ಸಿಗ್ನಲ್‌ದಾಗ ನೂರೈವತ್ತರ ಕೆಳಗ ಇಳಿಯೂದ ಇಲ್ಲ. ಎಂಬತ್ತು ಅಂದ್ರ ಎಂಜಿನ್ ಬಂದ್ ಮಾಡಿ ಅರ್ಧ ತಾಸು ಕುಂತಾರಂತ..." ಎಂದವನು ಸಿದ್ದಯ್ಯನವರ ಮುಖ ನೋಡಿ ಸಂಡಿಗೆಯನ್ನು ಗಬಕ್ಕನೆ ನುಂಗಿದ. ಕೇಸರಿಬಾತ್ ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ.

ಗಿರಿಜಾದೇವಿ ಒಳಗೆ ಹೋದರು. ಬರುವಾಗ ಎಡಗೈಯಲ್ಲಿ ಗ್ರಾಫ್ ಪುಸ್ತಕವಿತ್ತು, ಬಲಗೈಯಲ್ಲಿ ಸಕ್ಕರೆಯ ಮೀಟರಿತ್ತು.

"ಬೆರಳು ಕೊಡಿ."

"ಇಲ್ಲಿ, ರಸ್ತೇಲಾ?"

"ಪಂಚೆ ಪರೀಕ್ಷೆ ರಸ್ತೇಲೇ ಆಯ್ತಲ್ಲ. ಕೊಡಿ."

"ಆ ಮೀಟರಿಗೆ ಇಲಾಖೆ ಮುದ್ರೆ..." ಎಂದು ಸಿದ್ದಯ್ಯನವರು ಆರಂಭಿಸಿದರು.

"ಈಗ ತಾನೇ ಹತ್ತು ಜನರ ಮುಂದೆ ಏನೋ ಹೇಳಿದ್ರಲ್ಲ. ಮೀಟರ್ ಸುಳ್ಳು ಹೇಳಲ್ಲ ಅಂತ."

ಬೆರಳು ಕೊಡದೆ ದಾರಿಯಿರಲಿಲ್ಲ. ಚುಚ್ಚಿದ್ದಾಯಿತು. ಹನುಮೇಶ ಬಗ್ಗಿ ನೋಡಿ ಜೋರಾಗಿ ಓದಿದ. "ಮುನ್ನೂರಹನ್ನೆರಡು."

ದುಂಡೇಶನಿಗೆ ಈ ಮನುಷ್ಯನಿಗೆ ಹೇಗಾದರೂ ಸಹಾಯ ಮಾಡಬೇಕೆನಿಸಿತು. "ಗಾಬರಿ ಆಗಬ್ಯಾಡ್ರಿ ಅಕ್ಕಾರ. ಲೋಡ್ ಜಾಸ್ತಿ ಬಿದ್ದೈತಿ. ಗಕ್ಕನ ಕುಂದ್ರಸಬ್ಯಾಡ್ರಿ ಅಷ್ಟ. ಒಂದೀಟು ಹೊತ್ತು ಐಡಲಿಂಗ್ ಬಿಡ್ರಿ, ಇನ್ನೂರರ ಕೆಳಗ ತಾನ ಇಳೀತೈತಿ."

ಗಿರಿಜಾದೇವಿಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷದ ಶಿವಗಂಗೆ ಬೆಟ್ಟಗಳ ಗುಟ್ಟು ಒಂದೇ ಸಂಜೆಗೆ ಬಿಚ್ಚಿಕೊಂಡಿತ್ತು. ಸಿಟ್ಟು ಬರಬೇಕಾಗಿತ್ತು, ಬಂದದ್ದು ನಗು. ಕಮಲಾಕ್ಷಮ್ಮನವರಿಗೂ ಅಂಟಿಕೊಂಡಿತು, ಹನುಮೇಶನಿಗೂ.

"ಹಾಗಾದ್ರೆ ಜೀಪು..." ಎಂದು ಸಿದ್ದಯ್ಯನವರು ಕೊನೆಯ ಆಸೆಯಿಂದ ಕೇಳಿದರು.

"ಯಾರ್ರೀ ಮಾರ್ತಾರೆ? ಇಷ್ಟು ಸತ್ಯವಂತ ಜೀಪು ಈ ಬೆಂಗಳೂರಲ್ಲಿ ಇನ್ನೊಂದಿದೆಯಾ? ಅದು ಇಲ್ಲೇ ಇರುತ್ತೆ. ನಾಳೆ ಬೆಳಿಗ್ಗೆ ಆರೂವರೆಗೆ ನಾನೂ ಬರ್ತೀನಿ. ಜ್ಞಾನಭಾರತಿ ನಾನೂ ನೋಡಿಲ್ಲ. ಬುತ್ತಿಗೆ ಮೆಂತ್ಯ ಚಪಾತಿ ಮಾಡ್ಕೋತೀನಿ. ಈಗ ಹೊರಡಿ."

"ಎಲ್ಲಿಗೆ?"

"ಐಡಲಿಂಗಿಗೆ. ಈ ರಸ್ತೇಲಿ ಇಪ್ಪತ್ತು ಸುತ್ತು."

ಸಿದ್ದಯ್ಯನವರು ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟರು. ಕಮಲಾಕ್ಷಮ್ಮ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು, ಬೆಳ್ಳುಳ್ಳಿ ಬಿಡಿಸುತ್ತ, ಒಂದು ಸುತ್ತಿಗೆ ಒಂದು ಎಸಳು ಪಕ್ಕಕ್ಕಿಟ್ಟು ಲೆಕ್ಕ ಹಿಡಿದರು. ಏಳನೆಯ ಸುತ್ತಿನಲ್ಲಿ ಅವರು ಎಂಟು ಎಂದರು. ಸಿದ್ದಯ್ಯನವರು ಅಳತೆಯ ಇಲಾಖೆಯವರು, ನಿಂತು ಏಳೇ ಎಂದು ತಿದ್ದಿ ಮುಂದೆ ನಡೆದರು.